ಕೋಳಿಗೆ ಸೀನೀರು

ತತ್ತಿ ಅಂಗೈಯಲ್ಲೇ ಒಡೆದಾಗ ಯಮನೂರಮ್ಮ ಮೊದಲು ಬೈದುಕೊಂಡಿದ್ದು ತನ್ನ ಕೈಯನ್ನು. ಕಳೆ ಕಿತ್ತು, ಕೊಡ ಹೊತ್ತು, ರೊಟ್ಟಿ ಬಡಿದು ಜಡ್ಡುಗಟ್ಟಿದ ಕೈ. ಎರಡನೆಯದನ್ನು ಎರಡೇ ಬೆರಳಿನಿಂದ ಎತ್ತಿದಳು. ಅದೂ ಸುಟ್ಟ ಹಪ್ಪಳದ ಹಾಗೆ ಚಟ್ಟೆಂದಿತು. ಮೂರನೆಯದಕ್ಕೆ ಸಿಪ್ಪೆಯೇ ಇರಲಿಲ್ಲ. ನೀರು ತುಂಬಿದ ತೊಗಲಿನ ಚೀಲದಂತೆ ಹುಲ್ಲಿನ ಮೇಲೆ ಮೆತ್ತಗೆ, ಬೆಚ್ಚಗೆ ಬಿದ್ದುಕೊಂಡಿತ್ತು.

"ಏನಾತ ಯಮನೂರಿ? ತತ್ತಿ ಆರಸಾಕ ಹೋದಾಕಿ ಅಲ್ಲೇ ಕಾವಿಗೆ ಕುಂತೇನು?" ಒಳಗಿನಿಂದ ಅತ್ತೆ ಮುದುಕವ್ವನ ದನಿ ಬಂತು.

"ಏನಿಲ್ಲ ಅತ್ತಿ. ಬಂದ್ನಿ."

ಒಡೆದದ್ದನ್ನೆಲ್ಲ ತಿಪ್ಪೆಯ ಬೂದಿಯಲ್ಲಿ ಮುಚ್ಚಿ, ಗಟ್ಟಿ ಉಳಿದ ನಾಲ್ಕನ್ನು ಸೆರಗಿನಲ್ಲಿ ಹಿಡಿದು ಒಳಗೆ ಬಂದಳು. ಆ ಕೋಳಿಗಳ ತತ್ತಿಗೆ ಅವಳ ಮಗಳ ಓದು ಕಟ್ಟಿತ್ತು.

ಹಿಂದಿನ ಬೇಸಿಗೆಯಲ್ಲಿ ಹುಲಿಗೆಮ್ಮ ಏಳನೆಯ ಇಯತ್ತೆ ಪಾಸಾಗಿದ್ದಳು. ಊರಲ್ಲಿ ಸಾಲಿ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ದಿನಾ ಬಸ್ಸು ಹತ್ತಿ ಯಲಬುರ್ಗಾಕ್ಕೆ ಹೋಗಬೇಕು. ರಸ್ತೆ ಗ್ಯಾಂಗಿನಲ್ಲಿ ಕೂಲಿ ಮಾಡುವ ಹೇಮಪ್ಪ, "ಓದಿದ್ದು ಸಾಕಾತು, ಇನ್ನ ಮನ್ಯಾಗ ಇರಲಿ" ಎಂದಿದ್ದ. ಎದುರು ಮಾತಾಡಿ ಗೊತ್ತಿಲ್ಲದ ಯಮನೂರಮ್ಮ ಆವತ್ತು ಮಾತಾಡಿದ್ದಳು. ಬಡವರ ಮನೆಯ ಹೆಂಗಸರಿಗೆ ಸರಕಾರದಿಂದ ಹತ್ತತ್ತು ಬಿಳಿ ಕೋಳಿ ಕೊಡುತ್ತಾರಂತೆ, ತನ್ನ ಹೆಸರೂ ಬರೆಸಿದ್ದಾರಂತೆ, ಆ ತತ್ತಿ ಮಾರಿ ಬಸ್ಸಿಗೂ ಪುಸ್ತಕಕ್ಕೂ ತಾನೇ ನೋಡಿಕೊಳ್ಳುತ್ತೇನೆ ಎಂದಿದ್ದಳು. ಹೇಮಪ್ಪ ತಾಯಿಯ ಮುಖ ನೋಡಿದ. ಮುದುಕವ್ವ ಬಾಯಲ್ಲಿದ್ದ ಎಲೆಯಡಿಕೆ ಆಚೆ ಉಗುಳಿ ಬಂದು ತೀರ್ಪು ಕೊಟ್ಟಿದ್ದಳು.

"ತತ್ತಿ ನಡದಷ್ಟ ದಿನ ಸಾಲಿ ನಡೀಲಿ. ತತ್ತಿ ನಿಂತ ದಿನ ಸಾಲಿನೂ ನಿಲ್ಲಬೇಕು. ಏನಂತಿ?"

"ಹೂಂ ಅಂತೀನ್ರಿ."

ಶ್ರಾವಣದಲ್ಲಿ ಕೋಳಿ ಬಂದವು. ಊರವರು ಅವಕ್ಕೆ ಸರಕಾರಿ ಕೋಳಿ ಎಂದರು. ಬಿಟ್ಟರೆ ನಾಯಿ ಹಿಡಿಯುತ್ತದೆ, ರೋಗ ಬರುತ್ತದೆ, ಕಟ್ಟಿ ಸಾಕಿರಿ ಎಂದು ತಂದುಕೊಟ್ಟವರು ಹೇಳಿದ್ದರಿಂದ ಹಿತ್ತಲಲ್ಲಿ ಜಾಲಿಮುಳ್ಳಿನ ಬೇಲಿ ಕಟ್ಟಿ, ಒಡಕು ಗಡಿಗೆಯ ತಳದಲ್ಲಿ ನೀರಿಟ್ಟು ಸಾಕಿದಳು. ದೀಪಾವಳಿಗೆ ತತ್ತಿ ಶುರುವಾದವು. ಬೆಳ್ಳಗೆ, ಗುಂಡಗೆ, ಬೆರಳಿನಿಂದ ತಟ್ಟಿದರೆ ಟಣ್ಣೆನ್ನುವಂಥವು. ಸಂಕ್ರಾಂತಿ ಕಳೆದು ಎರಡು ವಾರವಾಗಿತ್ತು, ಈಗ ಹೀಗೆ.

ಬೂದಿಯಲ್ಲಿ ಮುಚ್ಚಿದ ಗುಟ್ಟು ನಾಲ್ಕು ದಿನ ಉಳಿಯಿತು. ಐದನೆಯ ದಿನ ಹುಲಿಗೆಮ್ಮ ಸಾಲಿಯಿಂದ ಬಂದವಳೇ ಪುಸ್ತಕದ ಚೀಲವನ್ನು ನಡುಮನೆಯಲ್ಲಿ ಎಸೆದಳು. ಜೋಳ ತುಂಬಿದ ಚೀಲದಲ್ಲಿ ತತ್ತಿ ಹುದುಗಿಸಿಕೊಂಡು ಯಲಬುರ್ಗಾದ ಕಾಸೀಮಸಾಬನ ಖಾನಾವಳಿಗೆ ಕೊಟ್ಟು ಸಾಲಿಗೆ ಹೋಗುವುದು ಅವಳ ಕೆಲಸವಾಗಿತ್ತು.

"ಯವ್ವಾ, ನಾಳಿಂದ ನಾ ತತ್ತಿ ಒಯ್ಯಾಂಗಿಲ್ಲ. ಬಸ್ಸಿನ್ಯಾಗ ಎಲ್ಲಾ ಒಡದು ಲಂಗದ ಮ್ಯಾಲೆ ಇಳದಾವು. ಹುಡುಗ್ಯಾರು ನಂಗ ಆಮ್ಲೆಟ್ ಅಂತಾರ."

"ಅಂದ್ರ ಅನ್ನಲಿ ಬಿಡ. ಕಾಸೀಮಸಾಬ ಏನಂದ?"

"ಇವು ತತ್ತಿ ಏನ್ ತಂಗಿ, ಸೋಪಿನ ಗುಳ್ಳಿ ಏನು, ಅಂದ. ಗಟ್ಟಿ ಇದ್ರ ಕೊಡು, ಇಲ್ಲಂದ್ರ ಬ್ಯಾಡ ಅಂತ."

ಮುದುಕವ್ವ ನೀರಿನ ಹರಿವಿಯ ಪಕ್ಕದ ತನ್ನ ಜಾಗದಿಂದಲೇ ಕಿವಿಗೊಟ್ಟಿದ್ದಳು. ಹುಲಿಗೆಮ್ಮ ಅಜ್ಜಿಯನ್ನು ಅಮ್ಮಾ ಎಂದೇ ಕರೆಯುತ್ತಿದ್ದಳು. ಆ ಅಮ್ಮ ಈಗ ಎದ್ದು ಬಂದು ಜೋಳದ ಚೀಲದಲ್ಲಿ ಕೈಯಾಡಿಸಿ, ಅಂಟಿದ ಬೆರಳನ್ನು ಮೂಸಿ ನೋಡಿದಳು.

"ತೊಗಲ ತತ್ತಿ ಮನಿಗೆ ಛಲೋ ಅಲ್ಲ. ದೃಷ್ಟಿ ಆಗೈತಿ."

"ಯಾರ ದೃಷ್ಟಿ ಅಮ್ಮಾ?"

"ಯಾರದರ ಆಗಲಿ. ಹತ್ತು ಬಿಳಿ ಕೋಳಿ ಒಂದ ಕಡೆ ಕುಂತ್ರ ನೋಡದ ಬಿಡ್ತಾರೇನ ಮಂದಿ?"

ಅಂದು ಸಂಜೆ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದ್ದಾಯಿತು. ಘಾಟಿಗೆ ಕೆಮ್ಮುತ್ತ ಒಳಗೆ ಬಂದ ಹೇಮಪ್ಪ, "ಊರಾಗ ಮಂದಿಗೆ ದೃಷ್ಟಿ ತಗೀತಾರ. ನಮ್ಮ ಮನ್ಯಾಗ ಕೋಳಿಗೂ ತಗದ್ರಿ. ಇನ್ನ ಸೀರಿ ಉಡಸ್ರಿ" ಎಂದ. ಪುಂಡಿಪಲ್ಯದ ಜೊತೆ ನಾಲ್ಕು ರೊಟ್ಟಿ ತಿಂದು, "ತತ್ತಿ ನಿಂತಾವೇನು?" ಎಂದು ಕೇಳಿದ.

"ನಿಂತಿಲ್ಲ. ತೆಳ್ಳಗ ಆಗ್ಯಾವ ಅಷ್ಟ" ಎಂದಳು ಯಮನೂರಮ್ಮ.

"ಎರಡೂ ಒಂದ" ಎಂದು ಅವನು ಕೈ ತೊಳೆದ.

ಮರುದಿನ ಗಮನಿಸಿ ನೋಡಿದರೆ ಕೋಳಿಗಳ ಹಿಕ್ಕೆ ನೀರುನೀರಾಗಿತ್ತು. ಬಾಲದ ಕೆಳಗಿನ ಬಿಳಿ ಪುಕ್ಕ ಹೊಲಸಾಗಿ ಅಂಟಿಕೊಂಡಿತ್ತು. ಎರಡು ಕೋಳಿ ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿ ನಿಂತಿದ್ದವು. ಉಳಿದವು ನೀರಿನ ಗಡಿಗೆಗೇ ಮತ್ತೆ ಮತ್ತೆ ಹೋಗುತ್ತಿದ್ದವು.

ಸಿಪ್ಪೆ ಎಂದರೆ ಸುಣ್ಣವಲ್ಲವೆ ಎಂಬುದು ಅವಳಿಗೆ ಹೊಳೆದದ್ದು ಆಗ. ಅತ್ತೆ ಹೊರಗೆ ಹೋದ ಹೊತ್ತು ನೋಡಿ ಅವಳ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಇದ್ದಷ್ಟನ್ನೂ ಕೆರೆದು ಸಜ್ಜೆ ನುಚ್ಚಿನಲ್ಲಿ ಕಲಸಿಟ್ಟಳು. ಕೋಳಿಗಳು ಹಸಿವಿಗೆ ತಿಂದವು. ಮೂರನೆಯ ದಿನ ಬೆಳಿಗ್ಗೆ, ರೆಕ್ಕೆ ಇಳಿಬಿಟ್ಟು ನಿಂತಿದ್ದ ಎರಡರಲ್ಲಿ ಒಂದು ಕೋಳಿ ಸತ್ತು, ಕಾಲು ಚಾಚಿ ಬಿದ್ದಿತ್ತು.

ಸತ್ತ ಕೋಳಿಯ ಜೊತೆಗೆ ಖಾಲಿ ಡಬ್ಬಿಯ ಸುದ್ದಿಯೂ ಹೊರಬಿತ್ತು.

"ನನ್ನ ಅಡಕಿ ಚೀಲದಾಗ ಕೈ ಹಾಕಿದ್ಯಾ?"

"ತಪ್ಪಾತ್ರಿ ಅತ್ತಿ."

"ನನ್ನ ಗಂಡ ಬದುಕಿದ್ದಾಗ ಈ ಚೀಲ ಮುಟ್ಟಿದಾಂವಲ್ಲ. ನೀ ಅದರಾಗಿಂದ ತಗದು ಕೋಳಿಗೆ ಎಲಿಅಡಕಿ ಹಾಕಿದಿ! ಸುಣ್ಣ ಹೆಚ್ಚಾದ್ರ ಮನಶ್ಯಾನ ಬಾಯೇ ಸುಡತೈತಿ. ಅದು ಗೇಣುದ್ದದ ಕೋಳಿ, ಅದರ ಕರುಳು ಉಳದೀತೇನ?"

ಮಾತಿನಲ್ಲಿ ನ್ಯಾಯವಿತ್ತು. ಮಧ್ಯಾಹ್ನ ಪಕ್ಕದ ಮನೆಯ ಅಬೇದಾಬಿ ಬೇಲಿಯ ಆಚೆಯಿಂದ ಇಣುಕಿದಳು. ಅವಳ ಹಿಂದೆ ನಾಲ್ಕಾರು ನಾಟಿ ಕೋಳಿಗಳು ತಿಪ್ಪೆ ಕೆದರುತ್ತಿದ್ದವು.

"ನನ್ನವಕ್ಕ ಯಾರೇನ ಕೊಡ್ತಾರವಾ? ಓಣಿ ತುಂಬ ತಿರಗತಾವ, ಹಳ್ಳದ ಒರತಿಗೆ ಹೋಗಿ ಕುಡದ ಬರತಾವ. ನಿನ್ನವು ಸರಕಾರಿ ನೌಕರ್‍ರು ಇದ್ದಂಗ, ಎಲ್ಲಾ ಕುಂತಲ್ಲೇ ಬರಬೇಕು. ಒಂದ ಕೆಲಸ ಮಾಡು. ಮಂಗಳವಾರ ದನದ ದವಾಖಾನಿ ಕಂಪೌಂಡರ್ ಬರತಾನ. ಶಬ್ಬೀರಸಾಬ ಅಂತ. ಅಂವನ್ನ ಕರದು ತೋರಸು."

ಮಂಗಳವಾರ ಯಮನೂರಮ್ಮ ಕೂಲಿ ಬಿಟ್ಟಳು. ಸೈಕಲ್ಲಿಗೆ ಔಷಧದ ಪೆಟ್ಟಿಗೆ ಕಟ್ಟಿಕೊಂಡು ಬಂದ ಶಬ್ಬೀರಸಾಬ ನಡುವಯಸ್ಸಿನ, ಅವಸರವಿಲ್ಲದ ಮನುಷ್ಯ. ಒಂದು ಕೋಳಿ ಹಿಡಿದು ಕಣ್ಣು, ನಾಲಿಗೆ ನೋಡಿದ. ಹೊಟ್ಟೆ ಅಮುಕಿದ. ಸುಣ್ಣ ಕಲಸಿ ಹಾಕಿದ್ದನ್ನು ಕೇಳಿ ತಲೆ ಅಲ್ಲಾಡಿಸಿದ. ಕೊನೆಗೆ ನೀರಿನ ಗಡಿಗೆಯಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿ, ಥೂ ಎಂದು ಉಗುಳಿದ.

"ಎಲ್ಲೀದಿದು ನೀರು?"

"ಬೋರಿಂಗ್‌ದ್ರಿ. ಸಂಕ್ರಾಂತಿಗೆ ಹಿತ್ತಲದ ಹೊಂಡ ಬತ್ತಿತು. ಆವಾಗಿಂದ ಇದನ್ನ ಇಡಾಕ್ಹತ್ತೀನಿ."

"ನೀವು ಕುಡೀತೀರೇನ ಇದನ್ನ?"

"ಇಲ್ರಿ. ಇದರಾಗ ಬ್ಯಾಳಿನೂ ಬೇಯಂಗಿಲ್ಲ. ಕುಡಿಯಾಕ ಸೀನೀರ ಬಾವಿಗೆ ಹೋಗತೀವ್ರಿ."

"ನಿಮಗಾಗದ ಸವಳು ನೀರು ಅವಕ್ಕ ಹೆಂಗ ಆದೀತು? ಉಪ್ಪ ಉಪ್ಪ ಕುಡದು ದಾಹ ಹೆಚ್ಚಾಗಿ ಮತ್ತ ಅದನ್ನ ಕುಡದಾವ. ಹೊಟ್ಟಿ ಜಾರಾಕ್ಹತ್ತೈತಿ, ಸಿಪ್ಪಿ ತೆಳ್ಳಗಾಗೈತಿ. ನನ್ನ ಪೆಟಗ್ಯಾಗ ಇದಕ್ಕ ಔಷಧ ಇಲ್ಲ ತಂಗಿ. ಸೀನೀರು ಇಡು. ಹಳ್ಳದಾಗಿನ ಬಸವನಹುಳದ ಚಿಪ್ಪು ತಂದು ಜಜ್ಜಿ ಬ್ಯಾರೆ ಒಂದ ಪರಟ್ಯಾಗ ಹಾಕು. ಎಷ್ಟು ಬೇಕೋ ಅವ ತಿಂತಾವ. ಎಲ್ಲಾವೂ ಸುಧಾರಿಸ್ತಾವ ಅಂತ ಹೇಳಾಂಗಿಲ್ಲ."

"ನೀರು ಎಷ್ಟ ಬೇಕಾಗತೈತ್ರಿ?"

"ಒಂಬತ್ತಕ್ಕ ದಿನಕ್ಕ ಎರಡು ಚರಿಗಿ. ಬಿಸಲ ಏರಿದ್ರ ಮೂರು."

ಎರಡು ಚರಿಗೆ ಎಂದು ಹೇಳುವುದು ಅವನಿಗೆ ಸುಲಭವಿತ್ತು. ಸೀನೀರ ಬಾವಿ ಇದ್ದದ್ದು ಊರಾಚೆ ಹಂಪಣ್ಣನ ಹೊಲದಲ್ಲಿ, ಒಂದು ಮೈಲಿ ದೂರ. ಒರತೆ ಸಣ್ಣದು. ಹಂಪಣ್ಣ ಒಳ್ಳೆಯವನೇ, ಆದರೆ ಮನೆಗೆ ಎರಡೇ ಕೊಡ ಎಂದು ಕಟ್ಟು ಮಾಡಿದ್ದ. ಯಮನೂರಮ್ಮ ಕೋಳಿ ಕೂಗುವ ಹೊತ್ತಿಗೆ ಹೋಗಿ ಸಾಲಿನಲ್ಲಿ ಕೊಡ ಇಟ್ಟರೆ ಬಿಸಿಲು ಬೀಳುವಾಗ ಪಾಳಿ ಬರುತ್ತಿತ್ತು. ತಂದ ನೀರನ್ನು ಹರಿವಿಗೆ ಸುರಿದ ಮೇಲೆ ಅದು ಮುದುಕವ್ವನದು. ಅಡಿಗೆಗೆ ಎಷ್ಟು, ಅಂಬಲಿಗೆ ಎಷ್ಟು, ಹೊಲಕ್ಕೆ ಹೋಗುವವಳಿಗೆ ಎಷ್ಟು ಎಂದು ಚರಿಗೆಯಲ್ಲಿ ಅಳೆದು ಕೊಡುವವಳು ಅವಳು. ಸೊಸೆ ಬಂದ ಹದಿನೈದು ವರ್ಷದಲ್ಲಿ ಆ ಅಳತೆ ಒಮ್ಮೆಯೂ ತಪ್ಪಿರಲಿಲ್ಲ. ಅದನ್ನು ಯಮನೂರಮ್ಮನೂ ಒಪ್ಪುತ್ತಿದ್ದಳು.

ಊಟಕ್ಕೆ ಕುಳಿತಾಗ ವಿಷಯ ತೆಗೆದಳು. ಮುದುಕವ್ವನ ಕೈಯಲ್ಲಿದ್ದ ತುತ್ತು ನಿಂತಿತು.

"ಮಂದಿ ಕುಡಿಯೋ ನೀರು ಕೋಳಿಗೇನ? ಊರಾಗ ಕೇಳಿದ್ರ ಬಾಯಿಲೆ ನಗಾಂಗಿಲ್ಲ."

"ದಿನಕ್ಕ ಎರಡ ಚರಿಗಿ ಅತ್ತಿ."

"ಎರಡು ಚರಿಗಿ ನಿನ್ನ ಗಂಡನ ಹೊಟ್ಟಿಗೆ ಹೋಗತೈತಿ. ಅಂವ ಡಾಂಬರು ಕಾಸಿ ಬರಾಂವ. ಅಂವಗ ಕಡಿಮಿ ಮಾಡ್ಲ್ಯಾ?"

ಹೇಮಪ್ಪ ರೊಟ್ಟಿ ಮುರಿಯುತ್ತ, "ಜಗಳ ಯಾಕ? ಹುಲಿಗಿ ಅದಾಳಲ್ಲ. ಆಕಿನೂ ಬಾವಿಗೆ ಹೋಗಲಿ. ಹಂಪಣ್ಣಗ ನಾ ಹೇಳತೀನಿ, ಮೂರನೇ ಕೊಡಕ್ಕ ಒಪ್ಪತಾನ. ಆದ್ರ ಕಡೀಗೆ ತುಂಬಬೇಕು, ಎಲ್ಲಾರದೂ ಆದ ಮ್ಯಾಲೆ. ಅಷ್ಟೊತ್ತಿಗೆ ಈಕಿ ಕೂಲಿಗೆ ಹೋಗಿರತಾಳ" ಎಂದ.

"ಕಡೀಗೆ ಅಂದ್ರ ಒಂಬತ್ತು ಗಂಟೆ ಆಗತೈತಿ ಯಪ್ಪಾ. ಏಳೂವರಿಗೆ ನನ್ನ ಬಸ್ಸು" ಎಂದಳು ಹುಲಿಗೆಮ್ಮ.

"ಹೌದಲ್ಲ" ಎಂದ ಹೇಮಪ್ಪ. ನಿಜವಾಗಿಯೂ ಆಗಷ್ಟೇ ನೆನಪಾದವನಂತೆ ಇತ್ತು ಅವನ ಮುಖ. "ಹಂಗಾರ ಸಾಲಿ ಬಿಡಬೇಕಾಗತೈತಿ."

"ಸಾಲಿ ಸಲುವಾಗಿ ಕೋಳಿ, ಕೋಳಿ ಸಲುವಾಗಿ ಸಾಲಿ ಬಿಡೂದು! ನೀ ಲೆಕ್ಕ ಎಲ್ಲಿ ಕಲತಿ ಯಪ್ಪಾ?"

"ಬಾಯಿ ನೋಡ ಯವ್ವಾ ಇದರದು. ಎಂಟನೇ ಇಯತ್ತೆದಾಗ ಇಷ್ಟ, ಹತ್ತಕ್ಕ ಹೋದ್ರ ನನ್ನ ಕೋರ್ಟಿಗೆ ಎಳೀತೈತಿ."

ಮುದುಕವ್ವನಿಗೆ ನಗು ಬಂತು, ಆದರೂ ತಡೆದಳು. "ಕೋಳಿ ಮಾರಿಬಿಡು ಯಮನೂರಿ. ಇದ್ದ ಒಂಬತ್ತಕ್ಕ ಒಂದಿಷ್ಟ ರೊಕ್ಕ ಆಗತೈತಿ. ನಾ ಆಡಿದ ಮಾತು ಆಡೀನಿ. ತತ್ತಿ ನಡದಷ್ಟ ದಿನ."

"ಒಂದ ತಿಂಗಳು ತಡೀರಿ ಅತ್ತಿ. ಪರೀಕ್ಷೆ ಐತಿ ಆಕೀದು."

"ನೀರು?"

"ಹೆಂಗರ ಮಾಡತೀನಿ."

ಹೇಗೆ ಎಂದು ಯಾರೂ ಕೇಳಲಿಲ್ಲ. ಆ ಮನೆಯಲ್ಲಿ ಯಮನೂರಮ್ಮ ಹೇಗಾದರೂ ಮಾಡುತ್ತೇನೆ ಎಂದರೆ ಮಾಡುತ್ತಾಳೆ ಎಂದೇ ಎಲ್ಲರ ತಿಳಿವಳಿಕೆ.

ಅವಳು ಮಾಡಿದ್ದು ಸರಳ. ಹೊಲಕ್ಕೆ ಹೋಗುವಾಗ ಅತ್ತೆ ತುಂಬಿಸಿಕೊಡುತ್ತಿದ್ದ ಒಂದು ಚರಿಗೆ, ಮನೆಗೆ ಬಂದ ಮೇಲೆ ಊಟಕ್ಕೆ ಕೊಡುತ್ತಿದ್ದ ಇನ್ನೊಂದು, ಎರಡನ್ನೂ ಹಿತ್ತಲಿಗೆ ಒಯ್ದು ಕೋಳಿಗಳ ಗಡಿಗೆಗೆ ಸುರಿದಳು. ತನಗೆ ಹಿತ್ತಲಾಚೆಯ ಬೋರಿಂಗ್ ಕೈಪಂಪು ಜಗ್ಗಿ ತುಂಬಿಕೊಂಡಳು. ಮೊದಲ ಗುಟುಕು ಗಂಟಲಲ್ಲಿ ನಿಂತಿತು. ಕಣ್ಣು ಮುಚ್ಚಿ ನುಂಗಿದಳು. ಬಿಸಿಲಲ್ಲಿ ಸೇಂಗಾ ಹೊಲದಲ್ಲಿ ಬಗ್ಗಿ ಕೆಲಸ ಮಾಡುವಾಗ ನೀರು ನೀರೇ, ರುಚಿ ನೋಡುವ ಹೊತ್ತಲ್ಲ ಎಂದುಕೊಂಡಳು.

ಭಾನುವಾರ ಹುಲಿಗೆಮ್ಮನನ್ನು ಕರೆದುಕೊಂಡು ಹಳ್ಳಕ್ಕೆ ಹೋಗಿ ಒಣಗಿದ ಬಸವನಹುಳದ ಚಿಪ್ಪುಗಳನ್ನು ಉಡಿ ತುಂಬ ಆರಿಸಿ ತಂದಳು. ಒಳಕಲ್ಲಿನಲ್ಲಿ ಜಜ್ಜಿ ತೆಂಗಿನ ಪರಟೆಯಲ್ಲಿಟ್ಟರೆ ಕೋಳಿಗಳು ಟಕಟಕ ಹೆಕ್ಕಿದವು. ವಾರದಲ್ಲಿ ಹಿಕ್ಕೆ ಗಟ್ಟಿಯಾಯಿತು. ಹತ್ತು ದಿನಕ್ಕೆ ತತ್ತಿ ಕೈಯಲ್ಲಿ ನಿಲ್ಲತೊಡಗಿತು. ಒಂಬತ್ತರಲ್ಲಿ ಎರಡು ಮಾತ್ರ ಸುಧಾರಿಸಲೇ ಇಲ್ಲ, ತೊಗಲ ತತ್ತಿಯನ್ನೇ ಇಡುತ್ತಿದ್ದವು. ಏಳು ಸಾಕಾಗಿತ್ತು. ಬಸ್ಸಿಗೆ ಸಾಕಾಗಿತ್ತು. ಕಾಸೀಮಸಾಬ ಮತ್ತೆ ತೆಗೆದುಕೊಂಡ.

"ನೋಡಿದೇನು? ದೃಷ್ಟಿ ತಗದದ್ದು ನಿಧಾನಕ್ಕ ಹತ್ತೈತಿ" ಎಂದಳು ಮುದುಕವ್ವ.

"ಹೌದ್ರಿ ಅತ್ತಿ" ಎಂದಳು ಯಮನೂರಮ್ಮ.

ಕೋಳಿಗಳ ಹೊಟ್ಟೆ ನೆಟ್ಟಗಾದಂತೆ ಅವಳದು ಕೆಟ್ಟಿತು. ಮೂರನೆಯ ವಾರದ ಹೊತ್ತಿಗೆ ನಸುಕಿನಲ್ಲಿ ಬಾವಿಗೆ ಹೊರಡುವ ಮೊದಲು ಎರಡು ಸಲ ಬಯಲಿಗೆ ಹೋಗಬೇಕಾಗುತ್ತಿತ್ತು. ಕೊಡ ಹೊತ್ತು ಬರುವಾಗ ದಾರಿಯಲ್ಲಿ ಎರಡು ಕಡೆ ಇಳಿಸಿ ಕೂರುತ್ತಿದ್ದಳು. ಜೊತೆಯ ಹೆಂಗಸರು, "ಏನವಾ, ಮತ್ತ ಬಸರೇನು?" ಎಂದು ನಗಾಡಿದರು. "ಈ ವಯಸ್ಸಿಗೆ ಅದೊಂದ ಕಡಿಮಿ ಇತ್ತು" ಎಂದು ತಾನೂ ನಕ್ಕಳು. ತಲೆಯ ಮೇಲೆ ಇಷ್ಟು ಸೀನೀರು ಹೊತ್ತು ನಡೆಯುತ್ತಿದ್ದರೂ ತುಟಿ ಒಣಗಿ ಸೀಳುತ್ತಿದ್ದುದು ಅವಳಿಗೆ ವಿಚಿತ್ರ ಎನಿಸುತ್ತಿರಲಿಲ್ಲ. ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ. ರಾತ್ರಿ ಅನ್ನುವುದು ಹಾಸಿಗೆಗೆ ಬಿದ್ದಕೂಡಲೇ ಮುಗಿದುಹೋಗುತ್ತಿತ್ತು.

ಉಗಾದಿಗೆ ಎರಡು ವಾರವಿದ್ದಾಗ, ಒಂದು ಭಾನುವಾರ ಮಧ್ಯಾಹ್ನ ನಾಲ್ವರೂ ಮನೆಯಲ್ಲಿದ್ದರು. ನುಚ್ಚು, ಕಾರಬ್ಯಾಳಿ. ಮುದುಕವ್ವ ಸೊಸೆಯ ಪಾಲಿನ ಚರಿಗೆ ತುಂಬಿ ಇಟ್ಟಳು. ಯಮನೂರಮ್ಮ ಅದನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ, ಸ್ವಲ್ಪ ಹೊತ್ತಿಗೆ ಅದೇ ಚರಿಗೆ ತುಂಬಿಕೊಂಡು ಬಂದು ಉಣ್ಣಲು ಕುಳಿತಳು. ಅತ್ತೆ ಅದನ್ನೇ ನೋಡುತ್ತಿದ್ದಳು.

"ಕೊಟ್ಟ ನೀರು ತಗೊಂಡು ಎಲ್ಲಿ ಹೋಗಿದ್ದಿ?"

"ಇಲ್ಲೇ ಅತ್ತಿ."

"ಕೋಳಿಗೆ ಹಾಕಿ ಬಂದಿ. ನಾ ಬ್ಯಾಡ ಅಂದ ಮ್ಯಾಲೆ ಹಾಕಾಕ್ಹತ್ತೀದಿ. ಎಷ್ಟ ದಿನದಿಂದ ನಡದೈತಿ ಈ ಕಳವು?"

"ಕಳವಲ್ರಿ. ನನ್ನ ಪಾಲಿಂದ ಹಾಕೀನಿ. ಹರಿವ್ಯಾಗಿಂದ ಒಂದ ಹನಿ ಮುಟ್ಟಿಲ್ಲ."

"ಮತ್ತ ನೀ ಏನ ಕುಡೀತಿ?"

ಯಮನೂರಮ್ಮ ನುಚ್ಚು ಕಲಸಿದಳು. ಪಕ್ಕದಲ್ಲಿದ್ದ ಹುಲಿಗೆಮ್ಮ ಕೈಚಾಚಿ ತಾಯಿಯ ಚರಿಗೆ ಎತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಮುಖ ಕಿವುಚಿ, ಓಡಿಹೋಗಿ ಹೊಸ್ತಿಲಾಚೆ ಉಗುಳಿ ಬಂದಳು.

"ಬೋರಿಂಗ್ ನೀರು ಅಮ್ಮಾ! ಯವ್ವ ಇದನ್ನ ಕುಡೀತಾಳ!"

ಹೇಮಪ್ಪ ತನ್ನ ತಂಬಿಗೆಯನ್ನು ನೋಡಿ, ಅದನ್ನು ಇತ್ತ ಸರಿಸಬೇಕೋ ಬೇಡವೋ ತಿಳಿಯದೆ ಅಲ್ಲೇ ಬಿಟ್ಟ.

"ನಾ ನಾಳಿಂದ ಸಾಲಿಗೆ ಹೋಗಾಂಗಿಲ್ಲ" ಎಂದಳು ಹುಲಿಗೆಮ್ಮ. ಅವಳ ಕಣ್ಣು ತುಂಬಿತ್ತು. "ಬಾವಿಗೆ ಹೋಗತೀನಿ."

"ಸುಮ್ಮ ಕುಂದ್ರು!" ಯಮನೂರಮ್ಮನ ದನಿ ಏರಿತು. ಮಗಳ ಮೇಲೆ ಹಾಗೆ ಕೂಗಿದ್ದು ಯಾವ ಕಾಲದಲ್ಲೋ. "ಎರಡು ತಿಂಗಳಿಂದ ಕುಡದು ಸತ್ತಿಲ್ಲ ನಾ. ನೀ ಸಾಲಿ ಬಿಟ್ರ ನಾ ಕುಡದದ್ದ ಎಲ್ಲಿ ಹೋತು? ಮಣ್ಣಾಗ ಹೋತು. ನೀರಿಗೆ ಏನಾಗೈತಿ, ನೀರ ಅಲ್ಲೇನ ಅದು?"

"ಎರಡು ತಿಂಗಳೇನು!" ಎಂದಳು ಮುದುಕವ್ವ.

ಯಮನೂರಮ್ಮ ಬಾಯಿ ತಪ್ಪಿ ಹೆಚ್ಚು ಹೇಳಿದ್ದಳು. "ಇಲ್ರಿ, ತಿಂಗಳಾ ಆತು ಅಷ್ಟ."

ಮುದುಕವ್ವ ಊಟ ಬಿಟ್ಟು ಎದ್ದಳು. ಸೊಸೆಯ ಎದುರು ಬಂದು ನಿಂತು ಅವಳ ಮುಖವನ್ನು, ಒಡೆದ ತುಟಿಯನ್ನು, ಸಡಿಲಾದ ಕುಪ್ಪಸವನ್ನು ನೋಡಿದಳು. ತಿಂಗಳಿನಿಂದ ದಿನಾ ಕಣ್ಣೆದುರಿಗಿದ್ದದ್ದೇ. ಆಮೇಲೆ ಅವಳು ಬೈಯತೊಡಗಿದಳು. ಬೈಗುಳ ಯಾರಿಗೆ ಎಂದು ಮೊದಮೊದಲು ತಿಳಿಯಲಿಲ್ಲ.

"ಕೋಳಿಗೆ ಆಗದ ನೀರು ಸೊಸಿಗೆ ಆಗತೈತಿ ಅಂತ ನಾ ಯಾವಾಗ ಹೇಳಿದ್ದೆ? ಹೇಳಿದ್ನ್ಯಾ? ಈ ಹರಿವಿ ಮುಂದ ನಲವತ್ತು ವರ್ಷ ಕುಂತೀನಿ. ಹಡದಾಕಿಗೆ ಒಂದು ಅಳತಿ, ಹೊಲಕ್ಕ ಹೋಗಾಕಿಗೆ ಒಂದು ಅಳತಿ ಅಂತ ನೋಡಿ ನೋಡಿ ಕೊಟ್ಟೀನಿ. ಮುದುಕವ್ವನ ಮನ್ಯಾಗ ಸೊಸಿ ಸವಳು ನೀರು ಕುಡದ್ಲು ಅಂತ ನಾಳಿ ಬಾವಿ ಕಟ್ಟಿಮ್ಯಾಲೆ ಮಾತಾಡಿದ್ರ ನನ್ನ ಮಾರಿ ಎಲ್ಲಿಡ್ಲಿ? ಹೇಳೂದಲ್ಲೇನ ಬಾಯಿ ಬಿಟ್ಟು?"

"ಹೇಳಿದ್ನಿ ಅತ್ತಿ. ಎರಡು ಚರಿಗಿ ಕೇಳಿದ್ನಿ."

ಮುದುಕವ್ವ ತಿರುಗಿ ಹೋಗಿ ಹರಿವಿಯ ಪಕ್ಕದ ತನ್ನ ಜಾಗದಲ್ಲಿ ಕುಳಿತಳು. ಒಂದು ಎಲೆ ತೆಗೆದು, ಸುಣ್ಣ ಸವರದೆ ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

"ಸವಳು ನೀರು ಕುಡಿಯಾಕ ಪಾಳಿ ಮಾಡೂನು" ಎಂದಳು ಕೊನೆಗೆ. "ನಾಳಿ ನಂದು. ನಾಡದ ಇಂವಂದು. ಆಚಿಗೆ ನಿಂದು."

"ನಂದು?" ಹೇಮಪ್ಪ ಗಾಬರಿಯಾದ. "ಯವ್ವಾ, ನಾ ಬಿಸಲಾಗ ಡಾಂಬರ ಮುಂದ ನಿಂದರಾಂವ. ಹೊಟ್ಟಿ ಕೆಟ್ರ?"

"ಆಕಿ ನೆರಳಾಗ ಕುಂತಿದ್ಲೇನ? ಮೂರು ದಿನಕ್ಕೊಂದ ಸಲ ಕುಡದ್ರ ಕರುಳೇನ ಹರಿಯಾಂಗಿಲ್ಲ. ತತ್ತಿ ಇಡಾಂವೇನಲ್ಲ ನೀ."

"ನನ್ನ ಪಾಳಿ ಯಾವಾಗ ಅಮ್ಮಾ?" ಎಂದಳು ಹುಲಿಗೆಮ್ಮ.

"ಪರೀಕ್ಷೆ ಆದ ಮ್ಯಾಲೆ ನಿಂದೂ ಹಚ್ಚತೀನಿ. ಫೇಲಾದ್ರ ದಿನಾ ನಿಂದ." ಆಮೇಲೆ ಸೊಸೆಯತ್ತ ತಿರುಗಿ, "ನಾ ಮಾತು ಬದಲಿ ಮಾಡಿಲ್ಲ ಮತ್ತ. ತತ್ತಿ ನಡದಷ್ಟ ದಿನಾನ" ಎಂದಳು.

"ಹೂಂ ಅತ್ತಿ."

ಸೋಮವಾರ ಸಂಜೆ ಯಮನೂರಮ್ಮ ಹೊಲದಿಂದ ಬಂದಾಗ ಕೋಳಿಗಳ ಗಡಿಗೆ ತುಂಬಿತ್ತು. ಒಳಗೆ ತಾಟುಗಳನ್ನು ಹಾಕಿಯಾಗಿತ್ತು. ಮುದುಕವ್ವನ ಪಕ್ಕದಲ್ಲಿ ಬೋರಿಂಗಿನ ನೀರು ತುಂಬಿದ ಚರಿಗೆ ಇತ್ತು. ಎಲ್ಲರೂ ನೋಡುತ್ತಿದ್ದಂತೆ ಅವಳು ಅದನ್ನೆತ್ತಿ ಅರ್ಧ ಚರಿಗೆ ಒಂದೇ ಉಸಿರಿಗೆ ಕುಡಿದಳು. ಹುಬ್ಬು ಕೂಡ ಅಲುಗಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ರೊಟ್ಟಿಗೆ ಕೈ ಹಾಕಿದಳು.

"ಹೆಂಗೈತಿ ಯವ್ವಾ?" ಹೇಮಪ್ಪ ಮೆಲ್ಲಗೆ ಕೇಳಿದ.

"ನಾಳಿ ಗೊತ್ತಾಗತೈತಲ್ಲ ನಿನಗ."

ಹುಲಿಗೆಮ್ಮ ಕಿಸಕ್ಕೆಂದಳು. ಮುದುಕವ್ವ ಹರಿವಿಯ ಮುಚ್ಚಳ ತೆಗೆದು, ಇನ್ನೊಂದು ಚರಿಗೆಯನ್ನು ಅಂಚಿನವರೆಗೆ ತುಂಬಿ ಸೊಸೆಯ ಮುಂದೆ ಇಟ್ಟಳು. ಅಷ್ಟು ತುಂಬಿ ಅವಳು ಎಂದೂ ಕೊಟ್ಟಿರಲಿಲ್ಲ. ಎತ್ತಿದರೆ ತುಳುಕುವಂತಿತ್ತು. ಯಮನೂರಮ್ಮ ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಬಾಯಿ ಹಚ್ಚಿ ಕುಡಿದಳು. ಕುಡಿಯುತ್ತ ಕುಡಿಯುತ್ತ ನಡುವೆ ನಿಲ್ಲಿಸಿದಳು.

"ಯಾಕ?" ಎಂದಳು ಮುದುಕವ್ವ.

"ಏನಿಲ್ಲ ಅತ್ತಿ. ಸಪ್ಪಗೈತಿ."

"ನೀರು ಸಪ್ಪಗ ಇರಬೇಕವಾ. ಕುಡಿ."

ಯಮನೂರಮ್ಮ ಇನ್ನೊಂದು ಗುಟುಕು ಕುಡಿದಳು. ನಾಲಿಗೆ ಉಪ್ಪನ್ನೇ ಹುಡುಕುತ್ತಿತ್ತು.